ಕಾಡುಹರಳಿನ ಕೊಯ್ಲಿಗೆ ಯಂತ್ರ ಯಾಕೆ ಒಗ್ಗಲಿಲ್ಲ?

ಜತ್ರೋಫಾದ, ಅಂದರೆ ಕಾಡುಹರಳಿನ, ಒಂದು ಗೊಂಚಲನ್ನು ಹತ್ತಿರದಿಂದ ನೋಡಿ. ಒಂದು ಕಾಯಿ ಹಸಿರು, ಪಕ್ಕದ್ದು ಹಳದಿ, ಇನ್ನೊಂದು ಆಗಲೇ ಕಪ್ಪಾಗಿ ಒಣಗಿರುತ್ತದೆ. ಅದೇ ಗಿಡದ ಮತ್ತೊಂದು ಕೊಂಬೆಯಲ್ಲಿ ಈಗಷ್ಟೇ ಹೂ ಬಿಟ್ಟಿರುತ್ತದೆ. ಕೈಯಲ್ಲಿ ಬಿಡಿಸುವವರು ಮಾಗಿದ್ದನ್ನಷ್ಟೇ ಕಿತ್ತು, ಕೆಲವು ದಿನ ಬಿಟ್ಟು ಮತ್ತೆ ಬರುತ್ತಾರೆ. ಯಂತ್ರಕ್ಕೆ ಆ ಆಯ್ಕೆ ಗೊತ್ತಾಗುವುದಿಲ್ಲ. ಬೀಜದ ಎಣ್ಣೆ ಡೀಸೆಲ್‌ಗೆ ಬದಲಿ ಎಂದು ಮೆರೆದ ಈ ಪೊದೆ ಸೋತಿದ್ದಕ್ಕೆ ಕಡಿಮೆ ಇಳುವರಿಯನ್ನೇ ಎಲ್ಲರೂ ದೂರುತ್ತಾರೆ. ಕೊಯ್ಲಿನ ಪಾಲೂ ಅಷ್ಟೇ ಇದೆ ಎನ್ನುವುದು ನನ್ನ ಅಭಿಪ್ರಾಯ.

ಗಿಡ ಹೊಸದೇನಲ್ಲ. ಮೂಲ ಮಧ್ಯ ಅಮೆರಿಕದ ಕಡೆಯದು. 19ನೇ ಶತಮಾನದಲ್ಲಿ ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡಿ ದ್ವೀಪಗಳಿಂದ ಇದರ ಬೀಜ ಹಡಗಿನಲ್ಲಿ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗುತ್ತಿತ್ತು. ಅಲ್ಲಿ ದೀಪಕ್ಕೂ ಸೋಪಿಗೂ ಅದರ ಎಣ್ಣೆ ಬೇಕಿತ್ತು. ಉಳಿದ ಕಡೆ ಇದು ಬರೀ ಬೇಲಿಗಿಡ. ವಿಷ ಇರುವುದರಿಂದ ದನ ಬಾಯಿ ಹಾಕುವುದಿಲ್ಲ. ಭತ್ತ, ಗೋಧಿ ಒಟ್ಟಿಗೆ ಮಾಗುವುದು ಸುಮ್ನೆ ಬಂದ ಗುಣವಲ್ಲ. ಸಾವಿರಾರು ವರ್ಷ ರೈತರು ಆರಿಸಿ ಆರಿಸಿ ಬಿತ್ತಿದ ಫಲ ಅದು. ಕಾಡುಹರಳಿಗೆ ಆ ಆರೈಕೆ ಸಿಕ್ಕೇ ಇರಲಿಲ್ಲ.

ಇದರ ನೆಂಟ ಔಡಲದ ಕಥೆ ಬೇರೆ. 1950ರ ದಶಕದಲ್ಲಿ ಅಮೆರಿಕ ಸರ್ಕಾರ ಔಡಲ ಬೆಳೆಗೆ ಒತ್ತು ಕೊಟ್ಟಿತು. ಸೇನೆಯ ಯಂತ್ರಗಳಿಗೆ ಅದರ ಎಣ್ಣೆ ಬೇಕಿತ್ತು. ಟೆಕ್ಸಾಸ್‌ನಲ್ಲಿ ಮೊದಲು ಗಿಡವನ್ನೇ ಗಿಡ್ಡ ಮಾಡಿದರು, ಕಾಯಿ ಸಿಡಿದು ಬೀಜ ಉದುರದ ತಳಿ ತಂದರು. ಹಿಮಕ್ಕೆ ಎಲೆ ಒಣಗಿದ ಮೇಲೆ ಯಂತ್ರ ಇಳಿಸಿದರು. 1970ರ ದಶಕದ ಆರಂಭದಲ್ಲಿ ಅಲ್ಲಿ ಬೆಳೆ ನಿಂತುಹೋಯಿತು ನಿಜ. ಆದರೆ ಕೆಲಸದ ಕ್ರಮ ಸರಿಯಾಗಿತ್ತು: ಮೊದಲು ತಳಿ, ಆಮೇಲೆ ಯಂತ್ರ.

2000ದ ನಂತರ ಆದದ್ದು ತಿರುಗುಮುರುಗು. 2003ರಲ್ಲಿ ಭಾರತದ ಯೋಜನಾ ಆಯೋಗದ ಸಮಿತಿ ಜತ್ರೋಫಾ ಬೆಳೆಸಲು ದೊಡ್ಡ ಯೋಜನೆ ಮುಂದಿಟ್ಟಿತು. 2007ರಲ್ಲಿ ತೈಲ ಕಂಪನಿ ಬಿಪಿ, ಜತ್ರೋಫಾ ಬೆಳೆಸಲು ಬ್ರಿಟನ್ನಿನ ಜೈವಿಕ ಡೀಸೆಲ್ ಕಂಪನಿ ಡಿ1 ಆಯಿಲ್ಸ್ ಜೊತೆ ಕೈಜೋಡಿಸಿತು. 2008ರ ಡಿಸೆಂಬರ್‌ನಲ್ಲಿ ಏರ್ ನ್ಯೂಜಿಲೆಂಡ್ ಇದೇ ಎಣ್ಣೆ ಬೆರೆಸಿದ ಇಂಧನದಲ್ಲಿ ವಿಮಾನದ ಒಂದು ಎಂಜಿನ್ ಓಡಿಸಿ ನೋಡಿತು. ಮರುವರ್ಷವೇ ಬಿಪಿ ಹಿಂದೆ ಸರಿಯಿತು. ಕಾಯಿ ಬಿಡಿಸಲು ತುಂಬಾ ಕೈ ಬೇಕು ಎನ್ನುವುದನ್ನು ಆಗ ಉದ್ಯೋಗ ಸೃಷ್ಟಿ ಎಂದೇ ಲೆಕ್ಕ ಹಾಕಿದ್ದರು. ಆದರೆ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಹೆಚ್ಚು ಕಡಿಮೆ 3ರಿಂದ 4 ಕಿಲೋ ಬೀಜ ಬೇಕು. ಕಾಯಿ ಕಿತ್ತು, ಸಿಪ್ಪೆ ಬಿಡಿಸಿ, ಒಣಗಿಸಿ ಅಷ್ಟು ಬೀಜ ಮಾಡುವವರಿಗೆ ಸರಿಯಾದ ಕೂಲಿ ಕೊಟ್ಟರೆ ಎಣ್ಣೆ ಡೀಸೆಲ್‌ಗಿಂತ ಅಗ್ಗ ಹೇಗಾಗುತ್ತದೆ? ಈ ಪ್ರಶ್ನೆಯನ್ನು ಗಿಡ ನೆಡುವ ಮೊದಲೇ ಕೇಳಬೇಕಿತ್ತು ಅಲ್ವಾ?

ಆಮೇಲೆ ಯಂತ್ರ ಹುಡುಕಿದರು. ಕೈಗೆ ಸಿಕ್ಕಿದ್ದು ಕಾಫಿ, ಬ್ಲೂಬೆರಿ ಕೊಯ್ಯುವ ಯಂತ್ರಗಳು. ಬ್ರೆಜಿಲ್‌ನಲ್ಲಿ 1979ರಿಂದಲೇ ಕಾಫಿಗೆ ಇಂಥ ಯಂತ್ರವಿತ್ತು. ಅದು ಗಿಡದ ಸಾಲಿನ ಮೇಲೆ ಕಾಲು ಅಗಲಿಸಿಕೊಂಡು ಸಾಗುತ್ತದೆ. ಒಳಗಿನ ಉದ್ದ ಕಡ್ಡಿಗಳು ಅದುರಿ ಕೊಂಬೆಯನ್ನು ಅಲುಗಿಸುತ್ತವೆ. ಉದುರಿದ ಕಾಯಿಯನ್ನು ಕೆಳಗಿನ ತಟ್ಟೆಗಳು ಹಿಡಿಯುತ್ತವೆ. ಜತ್ರೋಫಾದಲ್ಲಿ ಮೆಲ್ಲಗೆ ಅಲುಗಿಸಿದರೆ ಮಾಗಿದ್ದೂ ಗಿಡದಲ್ಲೇ ಉಳಿಯುತ್ತದೆ. ಜೋರಾಗಿ ಅಲುಗಿಸಿದರೆ ಎಳೆಕಾಯಿ, ಹೂ ಎಲ್ಲ ಉದುರಿ ಮುಂದಿನ ಫಸಲೂ ಹೋಗುತ್ತದೆ, ಮೆತ್ತನೆಯ ಕೊಂಬೆಯೂ ಮುರಿಯುತ್ತದೆ. ಎಳೆಕಾಯಿಯಲ್ಲಿ ಎಣ್ಣೆ ಕಡಿಮೆ, ನೀರು ಜಾಸ್ತಿ.

ಇನ್ನೊಂದು ತೊಡಕು ನೆಲದ್ದು. ಊಟದ ಬೆಳೆಗೆ ಅಡ್ಡಿಯಾಗದಂತೆ ಕಲ್ಲು ನೆಲದಲ್ಲಿ, ಇಳಿಜಾರಿನಲ್ಲಿ ಬೆಳೆಯಬಹುದು ಎನ್ನುವುದೇ ಈ ಗಿಡದ ಹೆಗ್ಗಳಿಕೆಯಾಗಿತ್ತು. ಆ ಎತ್ತರದ ಯಂತ್ರಕ್ಕೋ ಸಮತಟ್ಟು ನೆಲ, ನೇರ ಸಾಲು, ಅಳತೆಗೆ ಸವರಿದ ಗಿಡ ಬೇಕು. ಅಂಥ ನೆಲ ಸಿಕ್ಕರೆ ರೈತ ಅಲ್ಲಿ ಜತ್ರೋಫಾ ಯಾಕೆ ಹಾಕುತ್ತಾನೆ? ಹಾಗಾಗಿ ಒಟ್ಟಿಗೆ ಮಾಗುವ, ಹೆಚ್ಚು ಕಾಯಿ ಕಟ್ಟುವ ತಳಿಗಾಗಿ ಹುಡುಕಾಟ ನಡೆದಿದೆ. ಟೆಕ್ಸಾಸ್‌ನವರು ಔಡಲದಲ್ಲಿ ಮೊದಲು ಮಾಡಿದ್ದೂ ಅದನ್ನೇ.