ಸ್ಕ್ಯಾನ್ ಆದ ಮೇಲೂ ಡಾಕ್ಟರ್ ‘ಇರಬಹುದು’ ಅನ್ನುವುದು ಯಾಕೆ?

ಓದುಗರ ಪ್ರಶ್ನೆ: ನಮ್ಮ ತಾಯಿಗೆ 78 ವರ್ಷ. ಎರಡು ವರ್ಷದಿಂದ ಮರೆವು ಜಾಸ್ತಿಯಾಗಿದೆ. ಎಂಆರ್‌ಐ ಮಾಡಿಸಿದೆವು, ನೆನಪಿನ ಪರೀಕ್ಷೆಯೂ ಆಯಿತು. ಕೊನೆಗೆ ಡಾಕ್ಟರ್ ‘ಅಲ್ಝೈಮರ್ ಇರಬಹುದು’ ಅಂತ ಬರೆದರು. ಅದೇನು ‘ಇರಬಹುದು’ ಅಂದರೆ, ನೂರಕ್ಕೆ ನೂರು ಹೇಳಬೇಕಾದರೆ ಮೆದುಳನ್ನೇ ತೆಗೆದು ನೋಡಬೇಕು ಅಂದರು. ಇಷ್ಟೆಲ್ಲ ಮೆಷಿನ್ ಇರುವ ಕಾಲದಲ್ಲೂ ಹೀಗಾ?

ಹೌದು, ಬಹುಮಟ್ಟಿಗೆ ಈಗಲೂ ಹೀಗೇ. ‘ಇರಬಹುದು’ ಅಂತ ಬರೆದ ಆ ಡಾಕ್ಟರ್ ಪ್ರಾಮಾಣಿಕರು ಅಂತಲೇ ನನಗೆ ಅನ್ನಿಸುತ್ತದೆ.

ಡಿಮೆನ್ಷಿಯಾ ಅನ್ನುವುದು ಹೊರಗೆ ಕಾಣುವ ಸ್ಥಿತಿ. ಮರೆವು, ಗೊತ್ತಿರುವ ದಾರಿಯೇ ತಪ್ಪುವುದು, ಲೆಕ್ಕ ತಪ್ಪುವುದು, ಸ್ವಭಾವ ಬದಲಾಗುವುದು. ಇದರ ಹಿಂದಿರುವ ರೋಗ ಅಲ್ಝೈಮರ್ ಆಗಿರಬಹುದು, ನರಕೋಶದೊಳಗೆ ಪ್ರೋಟೀನ್ ಉಂಡೆ ಕಟ್ಟುವ ಲೂಯಿ ಬಾಡಿ ಕಾಯಿಲೆ ಆಗಿರಬಹುದು, ರಕ್ತನಾಳಗಳ ತೊಂದರೆ ಇರಬಹುದು, ಮೆದುಳಿನ ಮುಂಭಾಗ ಸವೆಯುವ ಎಫ್‌ಟಿಡಿ ಇರಬಹುದು. ಬಹುಪಾಲು ಈ ರೋಗಗಳಲ್ಲಿ ಯಾವುದೋ ಒಂದು ಪ್ರೋಟೀನ್ ಕೆಟ್ಟು ಮೆದುಳಿನಲ್ಲಿ ಶೇಖರವಾಗುತ್ತದೆ. ಯಾವ ಪ್ರೋಟೀನ್, ಮೆದುಳಿನ ಯಾವ ಜಾಗದಲ್ಲಿ, ಎಷ್ಟು ಅನ್ನುವುದರ ಮೇಲೆ ರೋಗದ ಹೆಸರು ನಿಲ್ಲುತ್ತದೆ.

ಎಂಆರ್‌ಐ ನೋಡುವುದು ಮೆದುಳಿನ ಆಕಾರವನ್ನು. ಎಲ್ಲಿ ಕುಗ್ಗಿದೆ, ಹಳೆಯ ಸ್ಟ್ರೋಕ್ ಇದೆಯಾ, ಗಡ್ಡೆ ಇದೆಯಾ, ತಲೆಗೆ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದೆಯಾ, ನೀರು ತುಂಬಿದೆಯಾ. ಇದು ಸಣ್ಣ ಕೆಲಸವೇನಲ್ಲ. ಇವುಗಳಲ್ಲಿ ಕೆಲವನ್ನು ಆಪರೇಷನ್ ಮಾಡಿ ಸರಿಪಡಿಸಬಹುದು. ಬಿ12 ಕೊರತೆ, ಥೈರಾಯ್ಡ್ ತೊಂದರೆ ರಕ್ತಪರೀಕ್ಷೆಯಲ್ಲೇ ಸಿಗುತ್ತವೆ. ಆದರೆ ಅಲ್ಝೈಮರ್‌ನ ಒಂದು ಪ್ಲಾಕ್, ಅಂದರೆ ಅಮಿಲಾಯ್ಡ್ ಎಂಬ ಪ್ರೋಟೀನಿನ ಗುಡ್ಡೆ, ಹೆಚ್ಚುಕಡಿಮೆ ತಲೆಗೂದಲಿನ ದಪ್ಪದಷ್ಟಿರುತ್ತದೆ. ಟೌ ಎಂಬ ಇನ್ನೊಂದು ಪ್ರೋಟೀನಿನ ಗಂಟು ಇರುವುದು ಒಂದೇ ಒಂದು ನರಕೋಶದ ಒಳಗೆ. ಎಂಆರ್‌ಐಗೆ ಇವು ಕಾಣುವುದಿಲ್ಲ.

ಇವನ್ನು ಮೊದಲು ಜೋಡಿಸಿ ನೋಡಿದ್ದು ಜರ್ಮನಿಯ ಅಲೋಯಿಸ್ ಅಲ್ಝೈಮರ್. 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಆಗುಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಅವರು ಪರೀಕ್ಷೆ ಮಾಡಿದರು. ಗಂಡನ ಹೆಸರೇನು ಅಂದರೂ ಆಕೆ ತನ್ನದೇ ಹೆಸರು ಹೇಳುತ್ತಿದ್ದರು. ಅಲ್ಝೈಮರ್ ಆಮೇಲೆ ಮ್ಯೂನಿಕ್‌ಗೆ ಹೋದರು, ಆದರೆ ಈ ರೋಗಿಯನ್ನು ಮರೆಯಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಮೆದುಳನ್ನು ತರಿಸಿಕೊಂಡು, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ಆಗಿನ ಹೊಸ ವಿಧಾನದಲ್ಲಿ ನೋಡಿದರು. ಕೋಶಗಳ ಹೊರಗೆ ಪ್ಲಾಕ್, ಒಳಗೆ ಗಂಟು. ಅದೇ ವರ್ಷ ನವೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ಇದನ್ನು ಮಂಡಿಸಿದಾಗ ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲವಂತೆ!

ಈಗಿನ ಲ್ಯಾಬ್‌ನಲ್ಲೂ ಕೆಲಸ ಅದೇ ದಾರಿಯದು. ದಾನವಾಗಿ ಬಂದ ಮೆದುಳನ್ನು ಮೊದಲು ತೂಕ ಮಾಡುತ್ತಾರೆ. ಆರೋಗ್ಯವಂತ ದೊಡ್ಡವರದ್ದು ಸುಮಾರು 1.3 ಕೆಜಿ ತೂಗುತ್ತದೆ. ರೋಗ ಮುಂದುವರಿದಿದ್ದರೆ 1 ಕೆಜಿಗಿಂತಲೂ ಕಡಿಮೆ ಇರಬಹುದು. ಸಾಮಾನ್ಯವಾಗಿ ಒಂದು ಭಾಗವನ್ನು ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿ ಇಡುತ್ತಾರೆ. ಪ್ರೋಟೀನ್, ಜೀನ್ ಅಧ್ಯಯನಕ್ಕೆ ಅದು ಬೇಕು. ಇನ್ನೊಂದು ಭಾಗ ಎರಡು ಮೂರು ವಾರ ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗುತ್ತದೆ. ಆಮೇಲೆ ಸುಮಾರು ಒಂದು ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡುತ್ತಾರೆ.

ಕೆಲವು ಸುಳಿವು ಬರಿಗಣ್ಣಿಗೇ ಸಿಗುತ್ತವೆ. ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗ ಸೊರಗಿದ್ದರೆ ಅಲ್ಝೈಮರ್ ಕಡೆಗೆ ಗಮನ ಹೋಗುತ್ತದೆ. ಮೆದುಳಿನ ಕಾಂಡದಲ್ಲಿ ಕಪ್ಪಾಗಿರಬೇಕಾದ ಒಂದು ಪಟ್ಟಿ ಬಿಳಿಚಿಕೊಂಡಿದ್ದರೆ ಪಾರ್ಕಿನ್ಸನ್ ಅಥವಾ ಲೂಯಿ ಬಾಡಿಯ ಅನುಮಾನ ಬರುತ್ತದೆ. ಬಳಿಕ ಆಯ್ದ ಜಾಗಗಳಿಂದ ಚೂರು ತೆಗೆದು, ಮೇಣದಲ್ಲಿ ಕೂರಿಸಿ, ಅತಿ ತೆಳ್ಳಗೆ ಸೀಳಿ ಗಾಜಿನ ಸ್ಲೈಡ್ ಮಾಡುತ್ತಾರೆ. ಒಂದೊಂದು ಪ್ರೋಟೀನನ್ನು ಮಾತ್ರ ಹಿಡಿಯುವ ಆ್ಯಂಟಿಬಾಡಿ ಹಾಕಿದರೆ ಅದು ಇರುವ ಕಡೆಯಲ್ಲೆಲ್ಲ ಕಂದು ಬಣ್ಣ ಏಳುತ್ತದೆ. ಟೌ ಎಲ್ಲಿಂದ ಶುರುವಾಗಿ ಎಲ್ಲಿಯವರೆಗೆ ಹಬ್ಬಿದೆ ಎಂಬುದನ್ನು ಅಳೆಯಲು ಜರ್ಮನಿಯ ಬ್ರಾಕ್ ದಂಪತಿ 1991ರಲ್ಲಿ ಆರು ಹಂತ ಗುರುತಿಸಿದರು. ಇಂದಿಗೂ ಅದೇ ಅಳತೆ ಬಳಕೆಯಲ್ಲಿದೆ.

ಹೀಗೆ ನೋಡಿದಾಗ ತಲೆಕೆಳಗಾದ ನಂಬಿಕೆಗಳು ಒಂದೆರಡಲ್ಲ. ಅಮೆರಿಕದ ‘ನನ್ ಸ್ಟಡಿ’ಯಲ್ಲಿ 678 ಕ್ರೈಸ್ತ ಸನ್ಯಾಸಿನಿಯರು ಪ್ರತಿ ವರ್ಷ ಪರೀಕ್ಷೆಗೆ ಕೂರಲು, ಸತ್ತ ಮೇಲೆ ಮೆದುಳು ಕೊಡಲು ಒಪ್ಪಿದರು. ಒಂದೇ ತರಹದ ಊಟ, ಒಂದೇ ತರಹದ ಬದುಕು. ಅವರಲ್ಲಿ ಸಿಸ್ಟರ್ ಮೇರಿ 101 ವರ್ಷ ಬದುಕಿದರು, ಕೊನೆಯವರೆಗೂ ಚುರುಕಾಗಿದ್ದರು. ಅವರ ಮೆದುಳಿನಲ್ಲಿ ಪ್ಲಾಕ್ ಮತ್ತು ಗಂಟುಗಳು ಬೇಕಾದಷ್ಟಿದ್ದವು. ಅಷ್ಟೇ ಅಲ್ಝೈಮರ್ ಗುರುತು ಇದ್ದ ಇನ್ನು ಕೆಲವರಿಗೆ ಪೂರ್ತಿ ಮರೆವು ಬಂದಿತ್ತು. ವ್ಯತ್ಯಾಸ ಎಲ್ಲಿ ಅಂತ ಹುಡುಕಿದಾಗ ಸಿಕ್ಕ ಒಂದು ಕಾರಣ, ಹೊರಗೆ ಗೊತ್ತೇ ಆಗದಂಥ ಸಣ್ಣ ಸಣ್ಣ ಸ್ಟ್ರೋಕ್‌ಗಳು. ಅವೂ ಸೇರಿಕೊಂಡವರಲ್ಲಿ ಡಿಮೆನ್ಷಿಯಾ ತುಂಬ ಜಾಸ್ತಿ ಇತ್ತು. ಬಿಪಿ, ಶುಗರ್ ಹಿಡಿತದಲ್ಲಿಡಿ ಅಂತ ನರರೋಗದ ಡಾಕ್ಟರೂ ಬೆನ್ನು ಹತ್ತುವುದು ಇದಕ್ಕೇ.

ಶಿಕಾಗೊದ ರಷ್ ಸಂಸ್ಥೆ 2007ರಲ್ಲಿ ಪ್ರಕಟಿಸಿದ್ದು ಇನ್ನೂ ನೇರವಾಗಿದೆ. ಮನೆಯಲ್ಲೇ ಬದುಕಿ ತೀರಿಕೊಂಡ 141 ಹಿರಿಯರ ಮೆದುಳು ನೋಡಿದರು. ಡಿಮೆನ್ಷಿಯಾ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಒಂದಕ್ಕಿಂತ ಹೆಚ್ಚು ರೋಗ ಒಟ್ಟಿಗೇ ಇತ್ತು. ಅಲ್ಝೈಮರ್ ಜೊತೆ ಸ್ಟ್ರೋಕ್, ಅಲ್ಝೈಮರ್ ಜೊತೆ ಲೂಯಿ ಬಾಡಿ, ಹೀಗೆ. ಟಿಡಿಪಿ-43 ಅನ್ನುವ ಮತ್ತೊಂದು ಪ್ರೋಟೀನನ್ನು 2006ರಲ್ಲಿ ಗುರುತಿಸಿದ ಮೇಲೆ ಪಟ್ಟಿ ಇನ್ನೂ ಉದ್ದವಾಯಿತು. 80 ದಾಟಿದವರಲ್ಲಿ ಈ ಪ್ರೋಟೀನ್ ತರುವ ಮರೆವು ಥೇಟ್ ಅಲ್ಝೈಮರ್ ಹಾಗೇ ಇರುತ್ತದೆ. ಅದಕ್ಕೆ ‘ಲೇಟ್’ ಎಂಬ ಪ್ರತ್ಯೇಕ ಹೆಸರು ಬಂದಿದ್ದು 2019ರಲ್ಲಿ. ನಿಮ್ಮ ತಾಯಿಯ ವಯಸ್ಸಿನವರಿಗೆ ಒಂದೇ ರೋಗದ ಹೆಸರನ್ನು ಗಟ್ಟಿಯಾಗಿ ಹೇಳಲು ಡಾಕ್ಟರ್ ಹಿಂಜರಿದರೆ ಆಶ್ಚರ್ಯವಿಲ್ಲ, ಅಲ್ವಾ?

ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ ಕತೆ ಬಹಳ ಜನಕ್ಕೆ ಗೊತ್ತು. 2014ರ ಮೇ ತಿಂಗಳಲ್ಲಿ ಪಾರ್ಕಿನ್ಸನ್ ಅಂದರು. ಆಗಸ್ಟ್‌ನಲ್ಲಿ ಅವರು ತೀರಿಹೋದ ಮೇಲೆ ಪೋಸ್ಟ್‌ಮಾರ್ಟಂನಲ್ಲಿ ಮೆದುಳಿನ ತುಂಬ ಲೂಯಿ ಬಾಡಿ ಹರಡಿದ್ದು ಕಂಡಿತು. ದಿಗಿಲು, ಅನುಮಾನ, ನಿದ್ದೆಗೇಡು, ಇವಕ್ಕೆಲ್ಲ ಒಂದೇ ಬೇರು ಇತ್ತು ಅಂತ ಹೆಂಡತಿಗೆ ಗೊತ್ತಾಗಿದ್ದು ಆಗಲೇ.

ಹಾಗಾದರೆ ಪೆಟ್ ಸ್ಕ್ಯಾನ್, ಹೊಸ ರಕ್ತಪರೀಕ್ಷೆಗಳು? ಅವು ನಿಜವಾಗಿ ದೊಡ್ಡ ಹೆಜ್ಜೆ. ಬದುಕಿರುವವರ ಮೆದುಳಲ್ಲಿ ಅಮಿಲಾಯ್ಡ್ ಪ್ರೋಟೀನ್ ಇದೆಯಾ ಎಂದು ಪೆಟ್ ತೋರಿಸುತ್ತದೆ. ಪಿ-ಟೌ217 ಎಂಬ ರಕ್ತಪರೀಕ್ಷೆಯೂ ಹತ್ತಿರ ಹತ್ತಿರ ಅದನ್ನೇ ಹೇಳುತ್ತದೆ. ಆದರೆ ಪೆಟ್ ಹೇಳುವುದು ನಿಜ ಅಂತ ಯಾರು ಸರ್ಟಿಫಿಕೇಟ್ ಕೊಟ್ಟರು? ಕೊನೆಗಾಲದ ರೋಗಿಗಳು ಒಪ್ಪಿ ಸ್ಕ್ಯಾನ್ ಮಾಡಿಸಿಕೊಂಡರು. ಅವರು ತೀರಿಕೊಂಡ ಮೇಲೆ ಅದೇ ಮೆದುಳನ್ನು ಸೀಳಿ ಹೋಲಿಸಿ ನೋಡಿದರು. ಅಮಿಲಾಯ್ಡ್ ಪೆಟ್‌ಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಅಂಥ ಹೋಲಿಕೆಯ ಬಲದಿಂದ. ಲೂಯಿ ಬಾಡಿಗೆ, ಟಿಡಿಪಿ-43ಗೆ ಆ ಮಟ್ಟದ ಸ್ಕ್ಯಾನ್ ಆಸ್ಪತ್ರೆಗಳಲ್ಲಿ ಇನ್ನೂ ಇಲ್ಲ.

ಔಷಧಿಯ ವಿಚಾರದಲ್ಲಿ ಈ ಲ್ಯಾಬ್‌ಗಳು ಹೇಳಿದ ಸತ್ಯ ಸ್ವಲ್ಪ ಕಹಿ. 2000ದ ಸುಮಾರಿಗೆ ಎಎನ್1792 ಎಂಬ ಲಸಿಕೆಯ ಪ್ರಯೋಗ ನಡೆಯಿತು. ಅಮಿಲಾಯ್ಡ್ ವಿರುದ್ಧ ದೇಹವೇ ಹೋರಾಡಲಿ ಎಂಬುದು ಉದ್ದೇಶ. ಕೆಲವರಿಗೆ ಮೆದುಳಿನ ಉರಿಯೂತ ಬಂದು 2002ರಲ್ಲಿ ನಿಲ್ಲಿಸಬೇಕಾಯಿತು. ಲಸಿಕೆ ಪಡೆದವರು ಮುಂದಿನ ವರ್ಷಗಳಲ್ಲಿ ತೀರಿಕೊಂಡಂತೆ ಬ್ರಿಟನ್ನಿನ ಸೌತಾಂಪ್ಟನ್‌ನ ತಂಡ ಅವರ ಮೆದುಳುಗಳನ್ನು ನೋಡಿತು. ಕೆಲವರಲ್ಲಿ ಪ್ಲಾಕ್ ಹೆಚ್ಚೂಕಡಿಮೆ ಪೂರ್ತಿ ಗುಡಿಸಿ ಹೋಗಿತ್ತು! ಆದರೂ ಅವರು ತೀವ್ರ ಡಿಮೆನ್ಷಿಯಾದಲ್ಲೇ ಸತ್ತಿದ್ದರು. 2008ರಲ್ಲಿ ಇದು ಪ್ರಕಟವಾದಾಗ ಇಡೀ ಕ್ಷೇತ್ರಕ್ಕೆ ಪೆಟ್ಟು ಬಿತ್ತು. ಕಸ ತೆಗೆದರೂ ಮನೆ ಸರಿಹೋಗದಷ್ಟು ತಡವಾಗಿರುತ್ತದೆ ಅಂತ ಕೆಲವರು ಹೇಳಿದರು. ಅಮಿಲಾಯ್ಡ್ ಒಂದನ್ನೇ ಹಿಡಿದದ್ದೇ ತಪ್ಪು ಅಂತ ಇನ್ನು ಕೆಲವರು. ಜಗಳ ಇನ್ನೂ ಮುಗಿದಿಲ್ಲ.

2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ, ಅಮಿಲಾಯ್ಡ್ ತೆಗೆಯುವ ಲೆಕಾನೆಮಾಬ್ ಎಂಬ ಔಷಧಿ ಬಹಳ ಮುಂಚಿನ ಹಂತದ ರೋಗಿಗಳಿಗೆ ಮಾತ್ರ ಅನ್ನುವುದಕ್ಕೆ ಇಂಥ ಅನುಭವಗಳೂ ಕಾರಣ. 18 ತಿಂಗಳ ಪ್ರಯೋಗದಲ್ಲಿ ಅದು ರೋಗದ ಇಳಿಜಾರನ್ನು ಶೇ 27ರಷ್ಟು ನಿಧಾನ ಮಾಡಿತು. ನಿಲ್ಲಿಸಲಿಲ್ಲ. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಸೂಜಿ ಹಾಕಿಸಿದರೆ ಮೊದಲಿನ ಹಾಗೆ ಆಗುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಊರಿನ ಮಾತಿಗೆ ಬರೋಣ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಅಂದಾಜು ಹೇಳುತ್ತದೆ. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಐಐಎಸ್‌ಸಿ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೇನ್ ರಿಸರ್ಚ್ 45 ದಾಟಿದವರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತಾ ಬಂದಿದೆ. ಮೆದುಳನ್ನೇ ನೋಡುವ ಕಡೆ ನಮಗಿರುವ ದೊಡ್ಡ ಆಸರೆ ಬೆಂಗಳೂರಿನ ನಿಮ್ಹಾನ್ಸ್. ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಅಲ್ಲಿ ಮೆದುಳಿನ ಬ್ಯಾಂಕ್ ಶುರುವಾಯಿತು. ಅಲ್ಲಿನ ಮೆದುಳಿನ ಮ್ಯೂಸಿಯಂಗೆ ಜನಸಾಮಾನ್ಯರೂ ಹೋಗಬಹುದು. ಅಪಘಾತದಲ್ಲಿ ತೀರಿಕೊಂಡವರ ಮೆದುಳೂ, ಮನೆಯವರು ಒಪ್ಪಿದರೆ, ಈ ಬ್ಯಾಂಕ್‌ಗೆ ಸೇರುತ್ತದೆ. ರೋಗ ಇಲ್ಲದ ಮೆದುಳು ಪಕ್ಕದಲ್ಲಿಲ್ಲದೆ ರೋಗದ್ದನ್ನು ಹೋಲಿಸುವುದು ಹೇಗೆ? ಡಿಮೆನ್ಷಿಯಾ ಇದ್ದ ಹಿರಿಯರ ಮೆದುಳು ಸಿಗುವುದೇ ಕಷ್ಟ. ನಾವು ಓದುವ ಬಹುಪಾಲು ಲೆಕ್ಕ ಓದು ಬರಹ ಚೆನ್ನಾಗಿದ್ದ ಬಿಳಿಯ ಅಮೆರಿಕನ್ನರದ್ದು. ಶುಗರ್ ಜಾಸ್ತಿ ಇರುವ, ಶಾಲೆ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯರಿಗೆ ಅದನ್ನು ಹಾಗೇ ಹೊಂದಿಸುವುದು ನನಗೆ ಸರಿ ಕಾಣುವುದಿಲ್ಲ.

ದಾನದ ಬಗ್ಗೆ ಕೇಳುವವರ ಮೊದಲ ಭಯ ಮುಖ ಕೆಡುತ್ತದಾ ಅನ್ನುವುದು. ಕೆಡುವುದಿಲ್ಲ. ತಲೆಯ ಹಿಂಭಾಗದಲ್ಲಿ ಕಿವಿಯಿಂದ ಕಿವಿಗೆ ಸೀಳು ಹಾಕಿ, ಮೆದುಳು ತೆಗೆದು, ಬುರುಡೆ ಮುಚ್ಚಿ ಹೊಲಿಯುತ್ತಾರೆ. ದೇಹ ಸಂಸ್ಕಾರಕ್ಕೆ ವಾಪಸ್ ಬರುತ್ತದೆ. ತೀರಿಕೊಂಡ ಮೇಲೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಗಂಟೆಗಳ ಲೆಕ್ಕ. ಬದುಕಿದ್ದಾಗ ಒಪ್ಪಿಗೆ ಬರೆದಿದ್ದರೂ ಆ ಹೊತ್ತಿಗೆ ಮನೆಯವರು ಹೂಂ ಅನ್ನಬೇಕು. ಅಣ್ಣತಮ್ಮಂದಿರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳದೆ ಕೊನೇ ಗಳಿಗೆಯಲ್ಲಿ ನಿಂತುಹೋಗುವುದುಂಟು. ಇಡೀ ದೇಹ ದಾನ ಬರೆದುಕೊಟ್ಟಿದ್ದರೆ ಆ ಕಾಲೇಜನ್ನು ಮೊದಲು ಕೇಳಿ, ಮೆದುಳಿಲ್ಲದ ದೇಹ ಅವರು ತೆಗೆದುಕೊಳ್ಳದಿರಬಹುದು.

ಇದೆಲ್ಲ ಮುಂದಿನ ಮಾತು. ಈಗ ನಿಮ್ಮ ತಾಯಿಗೆ ಬೇಕಾದ್ದು ಬೇರೆ. ಬಿ12, ಥೈರಾಯ್ಡ್ ನೋಡಿಸಿಲ್ಲದಿದ್ದರೆ ನೋಡಿಸಿ. ಇಲ್ಲದ ಮಕ್ಕಳೋ ಪ್ರಾಣಿಯೋ ಅವರಿಗೆ ಕಾಣುತ್ತದಾ, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಾರಾ, ಒಂದು ದಿನ ಚುರುಕು ಇನ್ನೊಂದು ದಿನ ಮಂಕು ಹೀಗೆ ಇದೆಯಾ ಅಂತ ಗಮನಿಸಿ, ಬರೆದಿಡಿ. ಇದ್ದರೆ ಲೂಯಿ ಬಾಡಿ ಸೇರಿಕೊಂಡಿರಬಹುದು. ಅಂಥವರಿಗೆ ಗಲಾಟೆ ತಗ್ಗಿಸಲು ಕೊಡುವ ಹ್ಯಾಲೊಪೆರಿಡಾಲ್‌ನಂಥ ಮಾತ್ರೆ ಪ್ರಾಣಕ್ಕೇ ಕುತ್ತು ತರಬಹುದು. ಮುಂದಿನ ಸಲ ಹೋದಾಗ ಡಾಕ್ಟರಿಗೆ ಈ ಚೀಟಿಯನ್ನೇ ಮೊದಲು ಕೊಡಿ.