ಗಾಲಿಗೆ ಎರಕ, ಆಕ್ಸಲ್‌ಗೆ ಏಟು

ಬೆಂಗಳೂರಿನ ಯಲಹಂಕದಲ್ಲಿರುವ ರೈಲು ಗಾಲಿ ಕಾರ್ಖಾನೆ 1984ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಗಾಲಿಗಳೂ ತಯಾರಾಗುತ್ತವೆ, ಎರಡು ಗಾಲಿಗಳನ್ನು ಜೋಡಿಸುವ ಆಕ್ಸಲ್‌ಗಳೂ ತಯಾರಾಗುತ್ತವೆ. ಗಾಲಿಯದು ಎರಕದ ಕೆಲಸ: ರೈಲ್ವೆಯ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚುಗಳಿಗೆ ಕೆಳಗಿನಿಂದ ಒತ್ತಡದಲ್ಲಿ ತುಂಬುತ್ತಾರೆ. ಆಕ್ಸಲ್‌ಗೆ ಈ ದಾರಿ ಇಲ್ಲ. ದಪ್ಪನೆಯ ಉಕ್ಕಿನ ತುಂಡನ್ನು ಕಾಯಿಸಿ, ಬಡಿದು ಬಡಿದೇ ಉದ್ದ ಮಾಡಬೇಕು. ಇದೇ ಫೋರ್ಜಿಂಗ್. ಎರಡೂ ಉಕ್ಕೇ ಆಗಿರುವಾಗ ಒಂದೇ ಕಾರ್ಖಾನೆಯಲ್ಲಿ ಎರಡು ಪದ್ಧತಿ ಏಕೆ?

ಆಕ್ಸಲ್ ಪಡುವ ಪಾಡನ್ನು ನೋಡಿದರೆ ಕಾರಣ ತಿಳಿಯುತ್ತದೆ. ಬೋಗಿಯ ಭಾರ ಅದರ ಎರಡು ತುದಿಗಳ ಮೇಲೆ ಬೀಳುತ್ತದೆ. ಗಾಲಿಗಳು ಅಲ್ಲಿಂದ ಸ್ವಲ್ಪ ಒಳಗೆ ನಿಂತು ಆಕ್ಸಲನ್ನು ಎತ್ತಿ ಹಿಡಿಯುತ್ತವೆ. ಹೀಗಾಗಿ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲಿನ ಮೈ ಹಿಗ್ಗುತ್ತದೆ, ಕೆಳಗಿನ ಮೈ ಕುಗ್ಗುತ್ತದೆ. ಆಕ್ಸಲ್ ಗಾಲಿಯ ಜೊತೆಗೇ ಉರುಳುವುದರಿಂದ ಅರ್ಧ ಸುತ್ತಿನೊಳಗೆ ಮೇಲಿದ್ದದ್ದು ಕೆಳಗೆ ಬರುತ್ತದೆ, ಹಿಗ್ಗಿದ್ದು ಕುಗ್ಗುತ್ತದೆ. ಪ್ರಯಾಣಿಕ ಬೋಗಿಯ ಹೊಸ ಗಾಲಿಯ ವ್ಯಾಸ 915 ಮಿಲಿಮೀಟರ್. ಕಿಲೋಮೀಟರಿಗೆ ಸುಮಾರು 350 ಸುತ್ತಿನಂತೆ, ಬೆಂಗಳೂರಿನಿಂದ ಮೈಸೂರು ತಲುಪುವಷ್ಟರಲ್ಲಿ ಆಕ್ಸಲ್ ಸುಮಾರು 48,000 ಬಾರಿ ಹೀಗೆ ಬಾಗಿರುತ್ತದೆ.

ಈ ಪುನರಾವರ್ತನೆ ಎಷ್ಟು ಅಪಾಯಕಾರಿ ಎಂಬುದನ್ನು ಜಗತ್ತು ಕಲಿತದ್ದು ದುರಂತದಿಂದ. 1842ರ ಮೇ 8ರಂದು ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಆಕ್ಸಲ್ ಮುರಿಯಿತು. ಹಿಂದಿನ ಬೋಗಿಗಳು ಒಂದರ ಮೇಲೊಂದು ಹತ್ತಿ ಬೆಂಕಿ ಹೊತ್ತಿಕೊಂಡಿತು. ಬಾಗಿಲುಗಳಿಗೆ ಬೀಗ ಹಾಕಿತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ನಾವಿಕ ಸಂಶೋಧಕ ಡ್ಯುಮೊಂ ದ್ಯುರ್ವಿಲ್ ತಮ್ಮ ಹೆಂಡತಿ, ಮಗನೊಂದಿಗೆ ಅಲ್ಲಿಯೇ ಕೊನೆಯುಸಿರೆಳೆದರು. ಕುಲುಕಾಟದಿಂದ ಕಬ್ಬಿಣ ಹರಳುಗಟ್ಟಿ ಪೆಡಸಾಗುತ್ತದೆ ಎಂಬುದು ಆಗಿನ ನಂಬಿಕೆ. ಹಾಗಲ್ಲ, ದಪ್ಪ ಬದಲಾಗುವ ಮೂಲೆಯಲ್ಲಿ ಸಣ್ಣ ಬಿರುಕು ಹುಟ್ಟಿ ನಿಧಾನವಾಗಿ ಒಳಕ್ಕೆ ಬೆಳೆಯುತ್ತದೆ ಎಂದು ಸ್ಕಾಟ್‌ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ವಾದಿಸಿದರು. ಮುಂದೆ ಪ್ರಷ್ಯಾದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ ವರ್ಷಗಟ್ಟಲೆ ಪ್ರಯೋಗ ನಡೆಸಿ, ಒಂದೇ ಏಟಿಗೆ ಮುರಿಯದ ಲೋಹ ಅದಕ್ಕಿಂತ ಎಷ್ಟೋ ಕಡಿಮೆ ಭಾರವನ್ನು ಲಕ್ಷಾಂತರ ಬಾರಿ ಹೊತ್ತು ಮುರಿಯಬಲ್ಲದು ಎಂದು ತೋರಿಸಿದರು. ಇದೇ ಲೋಹದ ದಣಿವು.

ಬಿರುಕು ಹುಟ್ಟಲು ಒಂದು ನೆಪ ಬೇಕು. ಎರಕದ ಲೋಹ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಕುಗ್ಗುವುದರಿಂದ ಕೊನೆಗೆ ಗಟ್ಟಿಯಾಗುವ ಜಾಗದಲ್ಲಿ ಸಣ್ಣ ಸಣ್ಣ ಪೊಳ್ಳುಗಳು ಉಳಿಯಬಹುದು. ಲೋಹದ ಹರಳುಗಳೂ ಒರಟಾಗಿರುತ್ತವೆ. ಉಕ್ಕನ್ನು 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಬಡಿದಾಗ ಪೊಳ್ಳುಗಳು ಅದುಮಿಕೊಂಡು ಬೆಸೆದುಕೊಳ್ಳುತ್ತವೆ. ದೊಡ್ಡ ಹರಳುಗಳು ನಜ್ಜುಗುಜ್ಜಾಗಿ, ಆ ಶಾಖದಲ್ಲಿಯೇ ಅವುಗಳ ಜಾಗದಲ್ಲಿ ಹೊಸ, ಸಣ್ಣ ಹರಳುಗಳು ಹುಟ್ಟುತ್ತವೆ. ಉಳಿದ ಕಲ್ಮಶಗಳು ಬಡಿದ ದಿಕ್ಕಿಗೆ ಎಳೆಎಳೆಯಾಗಿ ಮಲಗುತ್ತವೆ. ಬಿದಿರು ಉದ್ದಕ್ಕೆ ಸುಲಭವಾಗಿ ಸೀಳಿದರೂ ಅಡ್ಡಕ್ಕೆ ಮುರಿಯಲು ಹೇಗೆ ಬಗ್ಗುವುದಿಲ್ಲವೋ, ಆಕ್ಸಲ್ ಕೂಡ ಹಾಗೆ ಎಳೆಗಳ ಅಡ್ಡಕ್ಕೆ ಗಟ್ಟಿಯಾಗುತ್ತದೆ. ಫೋರ್ಜಿಂಗ್ ಎಂದರೆ ಆಕಾರ ಕೊಡುವುದಷ್ಟೇ ಎಂದು ತಿಳಿಯುವವರು ಅದರ ಅರ್ಧವನ್ನಷ್ಟೇ ಕಂಡಿದ್ದಾರೆ. ನನ್ನ ದೃಷ್ಟಿಯಲ್ಲಿ ಸುತ್ತಿಗೆಯ ದೊಡ್ಡ ಕೆಲಸ ಲೋಹದ ಒಳಗೇ ನಡೆಯುತ್ತದೆ.

ಯಲಹಂಕದಲ್ಲಿ ಈ ಕೆಲಸ ಮಾಡುವ ಯಂತ್ರಕ್ಕೆ ನಾಲ್ಕು ಸುತ್ತಿಗೆಗಳು. ಇಕ್ಕಳದಂಥ ಹಿಡಿಕೆ ಕಾದ ತುಂಡನ್ನು ತಿರುಗಿಸುತ್ತಾ ಮುಂದೆ ತಳ್ಳುತ್ತದೆ. ಸುತ್ತಿಗೆಗಳು ನಾಲ್ಕೂ ಕಡೆಯಿಂದ ಒಟ್ಟಿಗೆ ಬಡಿಯುತ್ತವೆ. ಒಂದೇ ಕಡೆಯಿಂದ ಬಡಿದರೆ ಲೋಹ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಇಲ್ಲಿ ಪಕ್ಕಕ್ಕೆ ಜಾಗವಿಲ್ಲ, ಉದ್ದಕ್ಕೇ ಹರಿಯಬೇಕು. ಗಾಲಿಯ ಕಷ್ಟ ಬೇರೆ ಬಗೆಯದು. ಹಳಿ ಅದನ್ನು ಮುಖ್ಯವಾಗಿ ಅದುಮುತ್ತದೆ. ಜೊತೆಗೆ ಎರಕದ ಬಳಿಕ ಗಾಲಿಯನ್ನು ಕಾಯಿಸಿ ಅಂಚಿಗೆ ನೀರು ಚಿಮ್ಮಿಸುವುದರಿಂದ ಅಂಚು ತನ್ನೊಳಗೇ ಬಿಗಿದು ನಿಲ್ಲುತ್ತದೆ, ಬಿರುಕು ಬಾಯಿ ಬಿಡುವುದು ಕಷ್ಟವಾಗುತ್ತದೆ. ಹಾಗೆಂದು ಎಲ್ಲ ಗಾಲಿಗಳೂ ಎರಕದವಲ್ಲ. ದುರ್ಗಾಪುರದ ಉಕ್ಕು ಕಾರ್ಖಾನೆಯಲ್ಲಿ ಗಾಲಿಯನ್ನೂ ಫೋರ್ಜ್ ಮಾಡುತ್ತಾರೆ.

ಲಾರಿಯ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟಿನಂಥ ಅಂಕುಡೊಂಕಿನ ಭಾಗಕ್ಕೆ ಮುಚ್ಚಿದ ಅಚ್ಚು ಬೇಕು. ಕಾದ ಲೋಹವನ್ನು ಎರಡು ಅಚ್ಚುಗಳ ನಡುವೆ ಅದುಮಿದಾಗ ಹೆಚ್ಚಾದದ್ದು ಸಂದಿನಿಂದ ತೆಳ್ಳಗೆ ಹೊರಬರುತ್ತದೆ. ಕಾರ್ಮಿಕರು ಇದನ್ನು ಫ್ಲ್ಯಾಶ್ ಎನ್ನುತ್ತಾರೆ. ಕೊನೆಗೆ ಕತ್ತರಿಸಿ ಎಸೆಯುವ ಈ ಅಂಚು ನೋಡುವವರಿಗೆ ನಷ್ಟವೆನಿಸಬಹುದು. ಆದರೆ ತೆಳ್ಳಗಿರುವುದರಿಂದ ಅದು ಬೇಗ ತಣಿದು ಬಿಗಿಯಾಗುತ್ತದೆ, ಹೊರದಾರಿಯನ್ನು ಮುಚ್ಚುತ್ತದೆ. ಆಗ ಒಳಗಿನ ಲೋಹಕ್ಕೆ ಅಚ್ಚಿನ ಮೂಲೆಮೂಲೆಯನ್ನೂ ತುಂಬದೆ ಗತಿಯಿಲ್ಲ. ಸಾಮಾನ್ಯ ಬೋಲ್ಟುಗಳಿಗೆ ಕಾಯಿಸುವ ಖರ್ಚೂ ಇಲ್ಲ. ತಣ್ಣನೆಯ ತಂತಿಯ ತುದಿಯನ್ನು ಬಡಿದು ತಲೆ ಮಾಡುತ್ತಾರೆ, ಉರುಳಿಸಿ ಒತ್ತಿ ತಿರುಪಿನ ಸುರುಳಿ ಮೂಡಿಸುತ್ತಾರೆ.

ಇವೆಲ್ಲಕ್ಕಿಂತ ಹಟಮಾರಿ ಟೈಟಾನಿಯಂ ಮಿಶ್ರಲೋಹ. ತಣ್ಣನೆಯ ಅಚ್ಚು ತಗುಲಿದರೆ ಅದರ ಮೈ ಥಟ್ಟನೆ ಬಿಗಿದು ಸೀಳಬಹುದು. ಆದ್ದರಿಂದ ಅಚ್ಚನ್ನೂ ಹೆಚ್ಚುಕಡಿಮೆ ಲೋಹದಷ್ಟೇ ಕಾಯಿಸಿ, ಬಡಿಯುವ ಬದಲು ನಿಧಾನವಾಗಿ ಒತ್ತಬೇಕು. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯ ತನ್ನ 2,000 ಟನ್ ಬಲದ ಪ್ರೆಸ್ಸಿನಲ್ಲಿ ಈ ವಿಧಾನದಿಂದ ಜೆಟ್ ಎಂಜಿನ್ನಿನಲ್ಲಿ ಗಾಳಿಯನ್ನು ಅದುಮುವ ಅಧಿಕ ಒತ್ತಡದ ಕಂಪ್ರೆಸರ್ ಡಿಸ್ಕುಗಳನ್ನು ತಯಾರಿಸಿರುವುದಾಗಿ 2021ರಲ್ಲಿ ಪ್ರಕಟಿಸಿತು. ಜಾಗ್ವಾರ್ ಮತ್ತು ಹಾಕ್ ವಿಮಾನಗಳ ಅಡೂರ್ ಎಂಜಿನ್ನಿಗಾಗಿ ಆ ಡಿಸ್ಕುಗಳು ಬೆಂಗಳೂರಿನ ಎಚ್‌ಎಎಲ್‌ಗೆ ಬಂದಿವೆ.