ಧನುರ್ಮಾಸದಲ್ಲಿ ಏನೂ ಶುರು ಮಾಡಬಾರದಾ?

ಪ್ರಶ್ನೆ: ಚಳಿಗಾಲ ಬಂದರೆ ನನಗೆ ಯಾಕೋ ಮನಸ್ಸೇ ಸರಿ ಇರಲ್ಲ. ಬೇಗ ಕತ್ತಲಾಗುತ್ತೆ, ಬೆಳಗ್ಗೆ ಏಳೋಕೆ ಬೇಜಾರು. ದಿನಾ ಸ್ವಲ್ಪ ಪೂಜೆ, ಧ್ಯಾನ ಅಂತ ಶುರು ಮಾಡೋಣ ಅಂದ್ಕೊಂಡೆ. ನಮ್ಮ ಅತ್ತೆ, ‘ಈಗ ಶೂನ್ಯಮಾಸ, ಹೊಸದು ಏನೂ ಬೇಡ, ಸಂಕ್ರಾಂತಿ ಕಳೀಲಿ’ ಅಂತಾರೆ. ಕಾಯಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಾಯಬೇಡಿ. ನಾಳೆ ಬೆಳಗ್ಗೆಯೇ ಶುರು ಮಾಡಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರತಿ ಡಿಸೆಂಬರ್‌ನಲ್ಲೂ ಇದೇ ಪ್ರಶ್ನೆ ಬರುತ್ತದೆ. ಒಮ್ಮೆ ಅತ್ತೆ, ಒಮ್ಮೆ ಚಿಕ್ಕಪ್ಪ, ಒಮ್ಮೆ ಪಕ್ಕದ ಮನೆಯವರು, ಹೇಳಿದವರು ಮಾತ್ರ ಬೇರೆ. ಅದಕ್ಕೆ ಈ ಸಲ ಬಿಡಿಸಿಯೇ ಹೇಳಿಬಿಡುತ್ತೇನೆ.

ಧನುರ್ಮಾಸ ಕೆಟ್ಟ ತಿಂಗಳು ಅಂತ ಯಾರು ಹೇಳಿದ್ದು? ಡಿಸೆಂಬರ್ 16ರ ಆಸುಪಾಸಿನಿಂದ ಜನವರಿ 14ರವರೆಗೆ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ, ನಿಜ. ಛತ್ರಗಳು ಖಾಲಿ ಹೊಡೆಯುತ್ತವೆ, ಅದೂ ನಿಜ. ಇದನ್ನು ನೋಡಿ ಜನ ತಿಂಗಳೇ ಅಶುಭ ಅಂದುಕೊಂಡರು. ಸಂಗತಿ ಪೂರಾ ಉಲ್ಟಾ. ಈ ತಿಂಗಳು ದೇವರ ಕೆಲಸಕ್ಕೆ ಮೀಸಲು, ಅದಕ್ಕೇ ಮನೆಯ ಸಮಾರಂಭಗಳಿಗೆ ರಜೆ. ಪರೀಕ್ಷೆ ಹತ್ತಿರ ಇರುವ ಹುಡುಗನನ್ನು ನಾವು ಮದುವೆ ಮನೆಗೆ ಎಳೆದುಕೊಂಡು ಹೋಗುವುದಿಲ್ಲ. ಹಾಗಂತ ಅವನಿಗೆ ಕೆಟ್ಟ ಕಾಲ ಬಂದಿದೆ ಅಂತೀವಾ?

ತಿಂಗಳುಗಳಲ್ಲಿ ನಾನು ಮಾರ್ಗಶಿರ ಅಂತ ಗೀತೆಯಲ್ಲಿ ಕೃಷ್ಣ ಹೇಳುತ್ತಾನೆ. ಸಾಮಾನ್ಯವಾಗಿ ಧನುರ್ಮಾಸ ಕಾಲಿಡುವುದೇ ಆ ಮಾರ್ಗಶಿರದಲ್ಲಿ. ಹಿರಿಯರ ಲೆಕ್ಕದಲ್ಲಿ ಉತ್ತರಾಯಣ ದೇವತೆಗಳಿಗೆ ಹಗಲು, ದಕ್ಷಿಣಾಯನ ರಾತ್ರಿ. ಆ ರಾತ್ರಿಯ ಕೊನೆಯ ಭಾಗವಾದ ಧನುರ್ಮಾಸ ಅವರ ಬೆಳಗಿನ ಜಾವ. ಬೆಳಗಿನ ಜಾವವನ್ನು ಯಾರಾದರೂ ಅಶುಭ ಅಂತಾರಾ? ವೈಕುಂಠ ಏಕಾದಶಿ ಬರುವುದೂ ಈ ದಿನಗಳಲ್ಲೇ. ಅವತ್ತು ಗುಡಿ ಮುಂದೆ ಗಂಟೆಗಟ್ಟಲೆ ಸಾಲಲ್ಲಿ ನಿಂತವರೇ ಮರುದಿನ ‘ಶೂನ್ಯಮಾಸ ಕಣ್ರೀ’ ಅಂತಾರಲ್ಲ, ಅದೇ ನನಗೆ ಬಗೆಹರಿಯದ ವಿಷಯ.

ನಿಮ್ಮದು ಶರಣರನ್ನು ನಂಬುವ ಮನೆಯಾದರೆ ಇಷ್ಟು ವಾದವೂ ಬೇಕಿಲ್ಲ. ಲಗ್ನ, ತಾರಾಬಲ ಕೇಳಿದರೆ ನಾಳೆಗಿಂತ ಇವತ್ತೇ ಲೇಸು ಎಂದು ಹೇಳಿಬಿಡಿ ಅಂತ ಬಸವಣ್ಣ 12ನೇ ಶತಮಾನದಲ್ಲೇ ಹೇಳಿ ಮುಗಿಸಿದ್ದಾರೆ. ನಮ್ಮ ಕಡೆ ವಚನ ಬಾಯಿಪಾಠ ಇರುತ್ತೆ, ಪಂಚಾಂಗ ಕೈಯಲ್ಲಿರುತ್ತೆ.

ಇನ್ನೂ ಒಂದು ಇದೆ. ಸಂಕ್ರಾಂತಿಗೆ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ, ಆಮೇಲೆ ಶುರು ಮಾಡೋಣ ಅಂತ ನೀವು ಕಾಯುತ್ತಿದ್ದೀರಿ. ಅವನು ಡಿಸೆಂಬರ್ 22ರ ಸುಮಾರಿಗೇ ತಿರುಗಿರುತ್ತಾನೆ. ಸುಮಾರು 1700 ವರ್ಷಗಳ ಹಿಂದೆ ಆ ತಿರುವು, ಮಕರ ಸಂಕ್ರಾಂತಿ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನಕ್ಕೆ ಓಲಾಡುವುದರಿಂದ ಈಗ ಮೂರು ವಾರಕ್ಕೂ ಜಾಸ್ತಿ ಅಂತರ ಬಿದ್ದಿದೆ. ಅಂದರೆ ನೀವು ಶೂನ್ಯ ಅನ್ನುವ ತಿಂಗಳ ಮೊದಲ ವಾರದಲ್ಲೇ ಹಗಲು ಬೆಳೆಯೋಕೆ ಶುರುವಾಗಿರುತ್ತದೆ. ಇದನ್ನು ಅತ್ತೆಯವರಿಗೆ ಹೇಳಿ. ಬೇಡ, ಸುಮ್ನೆ ಜಗಳ ಆಗುತ್ತೆ.

ಈಗ ಬೇಜಾರಿನ ವಿಷಯ. ನಾರ್ವೆಯ ಟ್ರೋಮ್ಸೊ ಊರಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಅಲ್ಲಿಯವರು ಕತ್ತಲು ಅಂದರೆ ಒಪ್ಪಬೇಕು. ದಾವಣಗೆರೆಯ ಅತಿ ಚಿಕ್ಕ ಹಗಲಿಗೂ ಹನ್ನೊಂದೂ ಕಾಲು ಗಂಟೆ ಬೆಳಕಿದೆ. ಬೆಳಕು ಇದೆ, ನಾವು ಅದರಲ್ಲಿ ನಿಲ್ಲುತ್ತಿಲ್ಲ ಅಷ್ಟೆ. ಟ್ಯೂಬ್‌ಲೈಟಿನ ಕೋಣೆಗಿಂತ ಬಯಲಿನ ನೆರಳಲ್ಲೂ ಬೆಳಕು ಎಷ್ಟೋ ಪಟ್ಟು ಜಾಸ್ತಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಯಾಗುತ್ತದೆ, ರಾತ್ರಿ ನಿದ್ದೆಯೂ ಹತ್ತುತ್ತದೆ. ಜೊತೆಗೆ ದೀಪಾವಳಿ ಗಲಾಟೆ ಮುಗಿದಿರುತ್ತದೆ, ಮದುವೆ ಓಡಾಟ ನಿಂತಿರುತ್ತದೆ. ಮನೆ ಬಿಕೋ ಅನ್ನುವುದಕ್ಕೆ ಅದೂ ಕಾರಣ.

ಆದ್ದರಿಂದ ಹಳೆಯ ಪದ್ಧತಿಯನ್ನೇ ಹಿಡಿಯಿರಿ. ಸೂರ್ಯ ಹುಟ್ಟುವ ಮೊದಲು ಸ್ನಾನ, ಒಂದು ದೀಪ, ಐದು ನಿಮಿಷ ಸುಮ್ಮನೆ ಕೂರುವುದು. ಆಮೇಲೆ ಹತ್ತಿರದ ಗುಡಿಗೆ ನಡೆದೇ ಹೋಗಿ, ಅತ್ತೆಯವರನ್ನೂ ಕರೆದುಕೊಂಡು. ಮಂಕಿ ಕ್ಯಾಪ್ ಹಾಕಿದ ಅಜ್ಜಂದಿರು, ಶಾಲು ಹೊದ್ದ ಅಮ್ಮಂದಿರು ಆಗಲೇ ಬಂದಿರುತ್ತಾರೆ. ದೊನ್ನೆಯಲ್ಲಿ ಬಿಸಿ ಹುಗ್ಗಿ ಕೊಡುತ್ತಾರೆ. ಹೆಸರುಬೇಳೆ, ಅಕ್ಕಿ, ತುಪ್ಪ, ಶುಂಠಿ. ಬೆರಳು ಸುಡುತ್ತಿರುವಾಗಲೇ ಬಾಯಿಗೆ ಇಡೀ ಮೆಣಸಿನಕಾಳು ಸಿಗುತ್ತದೆ, ಮೂಗಲ್ಲಿ ನೀರು ಬರುತ್ತದೆ. ಪಕ್ಕದವರು ‘ಎಲ್ಲಿ, ನಿನ್ನೆ ಕಾಣಲಿಲ್ಲ?’ ಅಂತ ಕೇಳುತ್ತಾರೆ. ನನ್ನ ಪ್ರಕಾರ ಅರ್ಧ ಔಷಧ ಆ ಪ್ರಶ್ನೆಯಲ್ಲೇ ಇದೆ. ಗುಡಿ ಬೇಡ ಅನ್ನುವವರು ಕುಂದವಾಡ ಕೆರೆ ಏರಿ ಮೇಲೆ ನಡೆಯಿರಿ.

ಆದರೆ ಎರಡು ವಾರ ಕಳೆದರೂ ಮನಸ್ಸು ಏಳದಿದ್ದರೆ, ಊಟ ನಿದ್ದೆ ಕೆಟ್ಟರೆ, ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ತಡ ಮಾಡದೆ, ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಉಚಿತವಾಗಿ ಮಾತಾಡುತ್ತಾರೆ. ಇದಕ್ಕೂ ಸಂಕ್ರಾಂತಿ ಕಾಯುವವರಿದ್ದಾರೆ, ಅದಕ್ಕೇ ಹೇಳಿದೆ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಡಿಸೆಂಬರ್ 22ರಿಂದ ಹಗಲು ಬೆಳೆದರೂ ನಮ್ಮೂರಲ್ಲಿ ಬೆಳಗ್ಗೆ ಇನ್ನೂ ತಡವಾಗುತ್ತಲೇ ಹೋಗುತ್ತದೆ. ಆಗ 6.47ರ ಸುಮಾರಿಗೆ ಹುಟ್ಟುವ ಸೂರ್ಯ ಜನವರಿ 20ರ ಹೊತ್ತಿಗೆ 6.55ಕ್ಕೆ ಬರುತ್ತಾನೆ. ಗಡಿಯಾರದ ದಿನ ಸರಿಯಾಗಿ 24 ಗಂಟೆ. ಸೂರ್ಯ ಒಂದು ದಿನ ನೆತ್ತಿಗೆ ಬಂದು ಮರುದಿನ ಮತ್ತೆ ನೆತ್ತಿಗೆ ಬರಲು ಡಿಸೆಂಬರ್ ಕೊನೆಯಲ್ಲಿ ಅದಕ್ಕಿಂತ ಅರ್ಧ ನಿಮಿಷ ಜಾಸ್ತಿ ಬೇಕು. ಭೂಮಿ ವಾಲಿರುವುದು ಒಂದು ಕಾರಣ, ಸೂರ್ಯನಿಗೆ ಹತ್ತಿರವಾಗಿ ಜೋರಾಗಿ ಓಡುತ್ತಿರುವುದು ಇನ್ನೊಂದು. ಹೀಗಾಗಿ ಹುಟ್ಟುವುದೂ ಮುಳುಗುವುದೂ ಎರಡೂ ಮುಂದಕ್ಕೆ ಜಾರುತ್ತವೆ. ಬೆಳಗ್ಗೆ 6ಕ್ಕೆ ಎದ್ದು ‘ಹಗಲು ಬೆಳೀತಿದೆ ಅಂದ್ರಲ್ಲ, ಎಲ್ಲಿ?’ ಅಂತ ನನಗೆ ಬರೆಯಬೇಡಿ. ಸಂಜೆ ನೋಡಿ. ನವೆಂಬರ್ ಕೊನೆಯಲ್ಲಿ 6 ಗಂಟೆಗೂ ಮೊದಲೇ ಮುಳುಗುತ್ತಿದ್ದವನು ಸಂಕ್ರಾಂತಿ ಹೊತ್ತಿಗೆ ಆರೂ ಕಾಲರವರೆಗೆ ಇರುತ್ತಾನೆ.